ಕರಡಿನಲ್ಲಿ ಉಳಿದ ‘ತಾವು’

ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ಪ್ರೂಫ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟ್ರಿಗೆ ಪಾಠ ಹೇಳಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕೆಂಪು ಪೆನ್ನು ಹಿಡಿದು ಬೇರೆಯವರ ತಪ್ಪು ಹುಡುಕುವುದು. ಅದರಲ್ಲಿ ಮಾತ್ರ ಎತ್ತಿದ ಕೈ.

ಅಂಥವರೇ ಒಮ್ಮೆ ಎಡವಟ್ಟು ಮಾಡಿದ್ದರು. ಚರ್ಚಿನ ಪ್ರಾರ್ಥನಾ ಪುಸ್ತಕದ ಕರಡು ಬಂದಾಗ, ದೇವರನ್ನು ‘ನೀನು’ ಎಂದು ಕರೆದ ಕಡೆಯಲ್ಲೆಲ್ಲ ಗೀಟೆಳೆದು ‘ತಾವು’ ಎಂದು ತಿದ್ದಿ ಕಳಿಸಿದರು. ಒಂದೆರಡಲ್ಲ, ನಲವತ್ತು ಪುಟ. ಪಾದ್ರಿಗಳು ಕರಡು ಹಿಡಿದುಕೊಂಡೇ ಬಂದರು.

“ಮೇಷ್ಟ್ರೇ, ತಂದೆಯೇ ಅಂತ ಕರೆದ ಮೇಲೆ ತಾವು ಯಾಕೆ? ಹೆತ್ತ ಅಪ್ಪನಿಗೆ ಯಾರಾದ್ರೂ ತಾವು ಅಂತಾರಾ?”

“ನಮ್ಮನೇಲಿ ಅಂತಿದ್ವಿ,” ಎಂದರು ಮೇಷ್ಟ್ರು.

ಅದು ಸುಳ್ಳಲ್ಲ. ಅವರಪ್ಪ ಕೋಣೆಯೊಳಗೆ ಕೂತಿದ್ದರೆ ಮಕ್ಕಳು ಹೊಸ್ತಿಲಾಚೆ ನಿಂತೇ ಮಾತಾಡಬೇಕಿತ್ತು. ಪುಸ್ತಕವೇನೋ ‘ನೀನು’ ಎಂದೇ ಅಚ್ಚಾಯಿತು. ಮೇಷ್ಟ್ರು ಮಾತ್ರ ತಮ್ಮ ಪ್ರತಿಯನ್ನು ತಿದ್ದಿಟ್ಟುಕೊಂಡು, ದಿನಾ ಸಂಜೆ ಹೊಸ್ತಿಲಾಚೆ ನಿಂತವರ ಹಾಗೆ ‘ತಾವು’ ಎಂದೇ ಓದುತ್ತಿದ್ದರು.

ಹೆಂಡತಿಯದು ತದ್ವಿರುದ್ಧ. ಗಂಡನಿಗೆ ‘ನೀವು’, ದೇವರಿಗೆ ‘ನೀನು’. ಹಾಲು ಉಕ್ಕಿದರೂ ದೂರು ನೇರ ಮೇಲಕ್ಕೆ: “ನೋಡ್ತಾ ನಿಂತಿದ್ದೆಯಲ್ಲಪ್ಪ, ಒಂದು ಮಾತು ಹೇಳ್ಬಾರ್ದಿತ್ತಾ?”

“ದೇವರ ಹತ್ರ ಹೀಗಾ ಮಾತಾಡೋದು?” ಎಂದು ಮೇಷ್ಟ್ರು ಗದರಿದರೆ ಉತ್ತರ ಸಿದ್ಧವಿರುತ್ತಿತ್ತು.

“ಮತ್ತೆ ಯಾರ ಹತ್ರ ಆಡ್ಲಿ? ನಿಮ್ಮ ಹತ್ರನಾ? ನೀವು ಅದ್ರಲ್ಲೂ ಕಾಗುಣಿತ ನೋಡ್ತೀರ.”

ಆ ಬಾಯಿ ಒಂದು ಬೆಳಿಗ್ಗೆ ನಿಂತುಹೋಯಿತು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಮರಳಿ ಬರುವ ಭರವಸೆಯನ್ನು ಡಾಕ್ಟರು ಕೊಡಲಿಲ್ಲ. ಉಳಿದದ್ದು ಎಡಗೈ. ಮಂಚದ ಪಟ್ಟಿಯ ಮೇಲೆ ಒಮ್ಮೆ ಬಡಿದರೆ ಸರಿ, ಎರಡು ಸಲ ಬಡಿದರೆ ಅಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ ಅವಳು ತನ್ನ ಬಾಯಿ ತೋರಿಸಿದಳು, ಆಮೇಲೆ ಮೇಲಕ್ಕೆ ಬೆರಳು ಮಾಡಿದಳು, ಕೊನೆಗೆ ಗಂಡನ ಕಡೆಗೆ. ನನ್ನ ಪರವಾಗಿ ನೀವು ಮಾತಾಡಿ ಎಂದು. ಮೇಷ್ಟ್ರು ಕನ್ನಡಕ ಏರಿಸಿ ಪುಸ್ತಕ ತೆರೆದರು. “ಪರಮ ದಯಾಳುವಾದ ತಂದೆಯೇ, ತಾವು…”

ಟಕ್ ಟಕ್.

ಬೇರೆ ಪುಟ ತೆಗೆದರು. ಅದಕ್ಕೂ ಟಕ್ ಟಕ್. ಪಾದ್ರಿಗಳನ್ನು ಕರೆಸಲೇ ಎಂದು ಕೇಳಿದರೆ ಮತ್ತೆ ಎರಡೇಟು. ಹತ್ತು ದಿನ ಹೀಗೇ ನಡೆಯಿತು. ಜೀವಮಾನವೆಲ್ಲ ಕಂಡವರ ತಪ್ಪು ತಿದ್ದಿದವರಿಗೆ ತಮ್ಮ ತಪ್ಪು ಎಲ್ಲಿದೆಯೆಂದು ತಿಳಿಯಲಿಲ್ಲ. ಒಳಗೊಳಗೇ ನಾಚಿಕೆಯಾಯಿತು. ಅವಳು ಕೇಳಿದ್ದು ಅದೊಂದೇ; ಅದೂ ತಮ್ಮ ಕೈಲಾಗುತ್ತಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ನೀರಿನ ಲೋಟ ಅವಳ ಕೈಯಿಂದ ಜಾರಿತು. ಹೊದಿಕೆಯೆಲ್ಲ ಒದ್ದೆ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಅವಳು ಅತ್ತಳು, ಸದ್ದಿಲ್ಲದೆ. ಮೇಷ್ಟ್ರು ಮೊಣಕಾಲೂರಿ ನೆಲ ಒರೆಸಿದರು. ಬಟ್ಟೆ ಹಿಂಡುತ್ತಿದ್ದ ಹಾಗೆಯೇ ಮಾತು ಹೊರಬಿತ್ತು.

“ಏನು ಮಾಡ್ತಿದ್ದೀಯ ನೀನು? ಮೂವತ್ತೆಂಟು ವರ್ಷ ಬೆಳಗಾದ್ರೆ ನಿನ್ನ ಹತ್ರ ಮಾತಾಡಿದವಳು. ನಾನೋ ಬರೀ ಪುಸ್ತಕ ಓದಿದವನು. ಕಿತ್ಕೊಳ್ಳೋಕೆ ಅವಳ ಬಾಯೇ ಸಿಕ್ತಾ ನಿನಗೆ?”

ಆಡಿದ್ದು ಆಮೇಲೆ ಕಿವಿಗೆ ಬಿತ್ತು. “ಕ್ಷಮಿಸಬೇಕು, ತಾವು…” ಎಂದು ತಿದ್ದಿಕೊಳ್ಳಲು ಹೋದರು.

ಟಕ್ ಟಕ್.

ಮೇಷ್ಟ್ರು ತಲೆ ಎತ್ತಿದರು. ಅವಳು ಒದ್ದೆ ಕೆನ್ನೆಯಲ್ಲೇ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಪುಸ್ತಕ ಆಚೆ ಮೇಜಿನ ಮೇಲಿತ್ತು. ಅವರು ಎದ್ದು ತರಲು ಹೋಗಲಿಲ್ಲ.

“ನನಗೆ ಹೆದರಿಕೆ ಆಗ್ತಿದೆ,” ಎಂದರು ಮೇಲಕ್ಕೆ ನೋಡಿ, ಮೆಲ್ಲಗೆ. “ನೀನು ಇಲ್ಲೇ ಇರು.”

ಮಂಚದ ಪಟ್ಟಿಯ ಮೇಲೆ ಒಂದೇ ಒಂದು ಸಲ ಸದ್ದಾಯಿತು.