ಸಿಗ್ನಲ್ ಬಿಡುವ ತನಕ

ಅದು ಅವನ ಕಿವಿಯೇ ಇರಬೇಕು, ಇರಲಿಕ್ಕಿಲ್ಲ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತವನ ಮುಖ ಕತ್ತಲಲ್ಲಿದೆ, ಬಾಗಿಲ ಮೇಲಿನ ಕೆಂಪು ದೀಪ ಮಾತ್ರ ಅವನ ಎಡಗಿವಿಯ ಅಂಚಿಗೆ ತಗುಲಿದೆ, ಸಭಾಂಗಣದ ತುಂಬ ಜನ, ಎಲ್ಲರಿಗೂ ಕಿವಿಗಳಿವೆ, ಇದೊಂದೇ ಕಾಣುತ್ತಿದೆ — ವೇದಿಕೆಯ ದೀಪ ಕಣ್ಣಿಗೆ ಹೊಡೆದರೆ ಎದುರಿಗಿರುವವರು ಯಾರೂ ಕಾಣುವುದಿಲ್ಲ, ಇಷ್ಟು ವರ್ಷ ನನಗೆ ಧೈರ್ಯ ಕೊಟ್ಟದ್ದೇ ಅದು. ಎರಡು ಸಾಲು ಹಾಡಿಯಾಗಿದೆ. ಕೆರೆಯ ಮೇಲೆ ದಾರಿ ಬಂತು, ನೀರು ಕೆಳಗೆ ಉಳಿಯಿತು. ಈಗ ಮೌನ, ಈ ಹಾಡಿನಲ್ಲಿ ಇಲ್ಲಿ ಮೌನ ಬರುತ್ತದೆ ಎಂದು ಬಂದವರಿಗೆಲ್ಲ ಗೊತ್ತು, ಕೆಲವರು ಇದಕ್ಕಾಗಿಯೇ ಬರುತ್ತಾರೆ, ಕಣ್ಣು ಮುಚ್ಚಿಕೊಂಡಿರುತ್ತಾರೆ, ನಾನು ಗಿಟಾರಿನ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟುತ್ತಿರಬೇಕು, ಗುಂ, ಗುಂ, ಆಮೇಲೆ ಮೂರನೆಯ ಸಾಲು. ಮೀಟುತ್ತಿದ್ದೇನೆ. ಜೀಷಾನನ ಕಿವಿಯಾಗಿದ್ದರೆ ಮೇಲಂಚಿನಲ್ಲಿ ಒಂದು ಕಚ್ಚು ಇರಬೇಕು, ಹುಡುಗನಾಗಿದ್ದಾಗ ಆರ್.ಟಿ. ನಗರದ ತಾರಸಿಯ ಮೇಲೆ ಗಾಳಿಪಟದ ಮಾಂಜಾ ದಾರ ಕುಯ್ದದ್ದು, ಆದರೆ ಇಲ್ಲಿಂದ ಕಚ್ಚು ಹೇಗೆ ಕಾಣುತ್ತದೆ, ಅವನ ಸ್ಕೂಟರಿನ ಹಿಂದೆ ಕೂತಿದ್ದಾಗ ಕಾಣುತ್ತಿತ್ತು, ಒಂದು ಗೇಣು ದೂರದಲ್ಲಿ, ದಿನಾ. ಬಂದಿದ್ದಾನೋ ಇಲ್ಲವೋ. ಇವತ್ತಿನ ಕಾರ್ಯಕ್ರಮದ ಪಾಸು ತಲುಪಿರಬೇಕು. ನಾನೇ ಅವರ ಹಾಸಿಗೆ ಅಂಗಡಿಗೆ ಹೋಗಿ ಕೊಟ್ಟು ಬಂದೆ, ಅವನು ಇರಲಿಲ್ಲ, ಅವನ ಅಬ್ಬಾ ವಹಾಬ್ ಸಾಹೇಬರು ದಿಂಬುಗಳ ರಾಶಿಗೆ ಒರಗಿ ಕೂತಿದ್ದರು, ಬಲಗೈ ಇನ್ನೂ ಮಡಿಲಲ್ಲೇ ಬಿದ್ದಿತ್ತು, ಎಡಗೈಯಲ್ಲಿ ಪಾಸು ತೆಗೆದುಕೊಂಡು ದೂರ ಹಿಡಿದು ನೋಡಿದರು, ಕೂತ್ಕೋ ಬೇಟಾ, ಡೆಲಿವರಿಗೆ ಹೋಗವ್ನೆ, ಹತ್ತು ನಿಮಿಷದಲ್ಲಿ ಬರ್ತಾನೆ. ಇಲ್ಲ ಅಂಕಲ್, ಕೆಲಸ ಇದೆ ಎಂದೆ. ಸುಮ್ಮನೆ ಹೇಗೆ ಬರುವುದು ಎಂದು ಒಂದು ದಿಂಬು ಕೊಂಡೆ. ರಾತ್ರಿ ಅದರ ಮೇಲೆ ತಲೆ ಇಟ್ಟರೆ ಹೊಸ ಹತ್ತಿಯ ವಾಸನೆ, ಆ ಸ್ಕೂಟರಿನ ವಾಸನೆ, ಏಕೆಂದರೆ ಬೆಳಗ್ಗೆಯೆಲ್ಲ ಆ ಸ್ಕೂಟರ್ ಹಾಸಿಗೆ ಹೊರುತ್ತಿತ್ತು, ಸಂಜೆ ನಮ್ಮನ್ನು ಹೊರುತ್ತಿತ್ತು, ನನ್ನ ಗಿಟಾರಿನ ಚೀಲಕ್ಕೆ ಯಾವಾಗಲೂ ಹತ್ತಿಯ ಎಳೆ ಅಂಟಿರುತ್ತಿತ್ತು, ನಮ್ಮ ದಾದಾ ಬಿಲ್ಲು ಹಿಡಿದು ಹತ್ತಿ ಹಿಂಜ್ತಿದ್ರು ಮಗಾ, ಟ್ವಂಯ್ ಟ್ವಂಯ್ ಅಂತ, ಖಾನ್ದಾನಿ ತಂತಿ ವಾದ್ಯ ಗುರು ನಮ್ದು, ನಿಮ್ದೇನು, ರಾಗಿ ಹೊಲ, ಎನ್ನುತ್ತಿದ್ದ ಜೀಷಾನ್.

ನಮ್ಮದು ರಾಗಿ ಹೊಲ. ಏರ್‌ಪೋರ್ಟ್ ರಸ್ತೆ ಬಂದ ಮೇಲೆ ಹೊಲ ಇರಲಿಲ್ಲ, ಅಪ್ಪ ಕಟ್ಟಿಸಿದ ಬಾಡಿಗೆ ಮನೆಗಳಿದ್ದವು, ಕೊಡಿಗೇಹಳ್ಳಿಯ ಆ ಕಟ್ಟಡಗಳ ನಡುವೆ ನಮ್ಮ ಹಳೆಯ ಹೆಂಚಿನ ಮನೆ ಮಾತ್ರ ಅಜ್ಜಿಯ ಹಟದಿಂದ ಉಳಿದಿತ್ತು, ಮುನಿಕೆಂಪಮ್ಮ, ಜಗಲಿಯ ಮೇಲೆ ಕಾಲು ಚಾಚಿ ಕೂತು, ಏನ್ಲಾ ಬೂಸಣಾ, ಒತ್ತಾರೆಯಿಂದ ಅದೊಂದೇ ಸಾಲು ಆಡ್ತಾ ಇದೀಯ, ಮುಂದಿಂದು ಮರ್ತೋಯ್ತಾ. ಮರೆತಿಲ್ಲ ಅಜ್ಜಿ, ಇನ್ನೂ ಬಂದಿಲ್ಲ. ಬರ್ದೇ ಇದ್ರೆ ಓಗ್ಲಿ ಬುಡು, ಉಣ್ಣು ಬಾ. ಮನೆಯಲ್ಲಿ ಕೂತರೆ ನನಗೆ ಒಂದು ಸಾಲಿನ ಮುಂದಿನದು ಯಾವತ್ತೂ ಬರಲಿಲ್ಲ. ಬರುತ್ತಿದ್ದದ್ದು ರಸ್ತೆಯಲ್ಲಿ. ಯಲಹಂಕದ ಆ ಹೋಟೆಲಿನಲ್ಲಿ ಶನಿವಾರ ಭಾನುವಾರ ಹಾಡುತ್ತಿದ್ದೆವು, ಗೋಬಿ ಮಂಚೂರಿಯ ಹೊಗೆಯಲ್ಲಿ, ಓನರ್ ಪಂಚಪ್ಪ ಕೌಂಟರಿನಿಂದಲೇ ಕೂಗುತ್ತಿದ್ದರು, ಸ್ವಂತದ್ದು ಒಂದು ಆಡ್ರಪ್ಪಾ, ಸಿನಿಮಾದು ಹತ್ತು ಆಡಿ, ಜನ ಊಟ ಮಾಡಕ್ ಬಂದವ್ರೆ, ಯೋಚ್ನೆ ಮಾಡಕ್ಕಲ್ಲ. ಜೀಷಾನ್ ಬಗ್ಗಿ, ಆಯ್ತು ಸಾರ್, ಎಂದು ಹೇಳಿ ಅಲ್ಲೇ ಇಟ್ಟಿದ್ದ ತನ್ನ ಗಿಟಾರಿನಲ್ಲಿ ಸ್ವಂತದ್ದನ್ನೇ ಎರಡು ಸಲ ಬಾರಿಸಿಬಿಡುತ್ತಿದ್ದ. ಅಲ್ಲಿಗೆ ಹೋಗುವ ದಾರಿಯಲ್ಲೇ ಹಾಡು ಕಟ್ಟುತ್ತಿದ್ದದ್ದು, ಬೇರೆ ಹೊತ್ತು ಎಲ್ಲಿತ್ತು, ಅವನಿಗೆ ಅಂಗಡಿಯ ಡೆಲಿವರಿ, ನನಗೆ ಕಾಲೇಜು, ನಾನು ಹಿಂದೆ ಗಿಟಾರ್ ಬೆನ್ನಿಗೇರಿಸಿಕೊಂಡು ಕೂತು ಸಾಲು ಗುನುಗುತ್ತಿದ್ದೆ, ಅವನು ಓಡಿಸುತ್ತಿದ್ದ, ಸ್ಕೂಟರಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲ, ಆದ್ದರಿಂದ ಸಿಗ್ನಲ್ ಬಿದ್ದ ಕೂಡಲೇ ಬೀಗದ ಕೈ ತಿರುಗಿಸಿ ಇಂಜಿನ್ ಆಫ್ ಮಾಡುತ್ತಿದ್ದ, ಪೆಟ್ರೋಲ್ ಉಳಿಸಲಿಕ್ಕಲ್ಲ, ಅರ್ಧ ಹೆಲ್ಮೆಟ್ಟಿನ ತಲೆಯನ್ನು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಎಡಕ್ಕೆ ವಾಲಿಸುತ್ತಿದ್ದ, ಹೆಲ್ಮೆಟ್ಟಿನ ಕೆಳಗೆ ಆ ಎಡಗಿವಿ, ಕಚ್ಚು ಇರುವ ಕಿವಿ, ಸಿಗ್ನಲ್ಲಿನ ಕೆಂಪು ಬಿದ್ದು ಕೆಂಪಗೆ — ಹೇಳು. ಅಷ್ಟೇ, ಹೇಳು. ನಾನು ಹೇಳುತ್ತಿದ್ದೆ. ಇಂಜಿನ್ ಆಫ್ ಆದರೆ ಹೇಳಬೇಕು, ಆನ್ ಆದರೆ ನುಂಗಿಕೊಂಡಿರಬೇಕು, ಹೀಗೆಂದು ನಾವು ಯಾವತ್ತೂ ಮಾತಾಡಿಕೊಂಡಿರಲಿಲ್ಲ, ಆದರೂ ಅದು ಕಟ್ಟಳೆಯಾಗಿತ್ತು. ನಕ್ಕೋ ಮಗಾ, ಬೇಡ, ಇದು ಸ್ಕೂಲ್ ಪದ್ಯದಂಗಿದೆ, ಬೇರೆ. ಬೇರೆ ಹೇಳುವಷ್ಟರಲ್ಲಿ ಹಸಿರು, ಹಿಂದಿನವರ ಹಾರ್ನ್, ಬೀಗದ ಕೈ.

ಕೆರೆಯ ಮೇಲೆ ದಾರಿ ಬಂತು, ಇದನ್ನು ಹೇಳಿದ್ದು ಹೆಬ್ಬಾಳದ ಫ್ಲೈಓವರ್ ಹತ್ತುವ ಮುಂಚಿನ ಸಿಗ್ನಲ್ಲಿನಲ್ಲಿ, ಪಶುವೈದ್ಯ ಕಾಲೇಜಿನ ಕಡೆಯಿಂದ ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು, ನೀರು ಕೆಳಗೆ ಉಳಿಯಿತು ಎಂದದ್ದೇ ಅವನು ಕತ್ತು ಪೂರ್ತಿ ತಿರುಗಿಸಿ ನನ್ನ ಮುಖ ನೋಡಿದ, ಇದು ಬೇಕು ಗುರು, ಎಂದ, ಸಿಗ್ನಲ್ ಬಿಟ್ಟಿತು, ಮುಂದಿನ ಸಾಲು ಗಂಟಲಲ್ಲಿ ಇತ್ತು, ಇಂಜಿನ್ ಆನ್ ಆಗಿತ್ತು, ಫ್ಲೈಓವರ್ ಹತ್ತಿ, ಎಡಕ್ಕೆ ಕೆರೆ, ಕೆರೆಯ ಮೇಲೆ ಬಿಳಿ ಹಕ್ಕಿಗಳು ಪೇರಿಸಿಟ್ಟ ತಟ್ಟೆಗಳ ಹಾಗೆ ಒಟ್ಟಿಗೆ ಕೂತಿದ್ದವು, ಯಾರೂ ಮಾತಾಡಲಿಲ್ಲ, ಅವನ ಬೆನ್ನು ಮಾತ್ರ ಗುಂ, ಗುಂ ಎನ್ನುತ್ತಿತ್ತು, ಅವನು ಗುನುಗುತ್ತಿದ್ದಾನೋ ಸ್ಕೂಟರ್ ನಡುಗುತ್ತಿದೆಯೋ ತಿಳಿಯಲಿಲ್ಲ, ಕೊಡಿಗೇಹಳ್ಳಿ ಗೇಟಿನ ಹತ್ತಿರ ಮತ್ತೆ ಕೆಂಪು, ಬೀಗದ ಕೈ, ವಾಲಿದ ತಲೆ, ಹೇಳು, ದಾಟಿ ಹೋದ ಜನರ ನೆರಳು ತೊಯ್ದು ಅಲ್ಲೆ ಉಳಿಯಿತು. ಇಷ್ಟೇ ಈ ಮೌನದ ಕಥೆ. ರೆಕಾರ್ಡ್ ಮಾಡುವಾಗ ನಾನು ನಾಲ್ಕೂ ಸಾಲು ಒಟ್ಟಿಗೆ ಹಾಡಿದೆ, ಜೀಷಾನ್ ಕೈ ಅಡ್ಡ ಹಿಡಿದು ನಿಲ್ಲಿಸಿದ, ತಡಿ ಮಗಾ, ಇಲ್ಲಿ ನಾವು ಫ್ಲೈಓವರ್ ಮೇಲಿದ್ವಿ, ಇಲ್ಲಿ ಯಾರೂ ಹಾಡಬಾರದು. ನಿರಂಜನ್ ಆಗ ತನ್ನ ಮಲಗುವ ಕೋಣೆಯಲ್ಲೇ ಸ್ಟುಡಿಯೋ ಮಾಡಿಕೊಂಡಿದ್ದ, ಹೆಡ್‌ಫೋನ್ ತೆಗೆದು ನಮ್ಮಿಬ್ಬರನ್ನೂ ನೋಡಿ, ಏನ್ರೋ ಇದು, ನೆಟ್‌ವರ್ಕ್ ಹೋದಂಗಿದೆ, ಜನ ಫೋನ್ ಕುಟ್ಟಿ ಕುಟ್ಟಿ ನೋಡ್ತಾರೆ ಅಷ್ಟೇ. ಜನ ಕುಟ್ಟಲಿಲ್ಲ. ಕೇಳಿದರು. ಎಲ್ಲೆಲ್ಲಿಯವರೋ ಬರೆದರು, ಆ ಮೌನದಲ್ಲಿ ನನ್ನ ತಾಯಿ ನೆನಪಾದಳು, ನನ್ನ ಊರು ನೆನಪಾಯಿತು. ಒಂದು ಸಂದರ್ಶನದಲ್ಲಿ ಹುಡುಗಿಯೊಬ್ಬಳು ಕೇಳಿದಳು, ಸರ್ ಆ ಸೈಲೆನ್ಸ್ ಹೇಗೆ ಹೊಳೀತು, ನಾನು ಬತ್ತುವ ಕೆರೆಗಳ ಬಗ್ಗೆ, ಮಾತಿಗೆ ನಿಲುಕದ್ದರ ಬಗ್ಗೆ ಏನೇನೋ ಹೇಳಿದೆ, ಅವಳು ತಲೆದೂಗಿದಳು. ಅವತ್ತೇ ಜೀಷಾನ್ ಮೆಸೇಜ್ ಹಾಕಿದ್ದ, ಸಿಗ್ನಲ್ ಬಿಡ್ತು ಅಂತ ಹೇಳೋದಲ್ವಾ ಗುರು. ಅವನು ಅಂಗಡಿ ನೋಡಿಕೊಳ್ಳಲು ಶುರು ಮಾಡಿ ಆಗ ವರ್ಷವಾಗಿತ್ತು. ನಾನು ನಗುವ ಮುಖವೊಂದನ್ನು ಕಳಿಸಿದೆ.

ಕಿವಿಯಲ್ಲಿರುವ ಇಯರ್‌ಪೀಸಿನಲ್ಲಿ ನಿರಂಜನನ ದನಿ, ಭೂಷಣ, ಸಾಕು, ಬಾ. ಅವನು ಹಿಂದೆ ಸೌಂಡ್ ಬೋರ್ಡಿನ ಸಣ್ಣ ದೀಪದ ಹತ್ತಿರ ನಿಂತಿದ್ದಾನೆ, ಎದ್ದು ನಿಂತಿದ್ದಾನೆ. ಬರುತ್ತೇನೆ. ಹೆಬ್ಬೆರಳು ಮೀಟುತ್ತಲೇ ಇದೆ, ಗುಂ, ಗುಂ, ಈ ಸಲ ಫ್ಲೈಓವರ್ ಉದ್ದವಾಯಿತು. ಇದೇ ಏಳು ಹಾಡು ಎಷ್ಟು ವರ್ಷ ಸರ್, ಎಂದು ಚೈತ್ರ ಕೇಳುತ್ತಾಳೆ, ನನ್ನ ಕಾರ್ಯಕ್ರಮಗಳನ್ನೆಲ್ಲ ಅವಳೇ ಗೊತ್ತುಮಾಡುವುದು, ಸೌಮ್ಯವಾಗಿಯೇ ಕೇಳುತ್ತಾಳೆ, ಹೊಸದೊಂದು ಇದ್ರೆ ಚೆನ್ನಾಗಿತ್ತು, ಜನ ಮುಂದಿನ ವರ್ಷ ಇದಕ್ಕೇ ಬರಲ್ಲ. ಹೊಸದು ಇಲ್ಲ. ಅವನು ಅಂಗಡಿಗೆ ಹೋದ ಮೇಲೆ ಒಂದು ಹಾಡೂ ಇಲ್ಲ, ಒಂದು ಸಾಲು, ಎರಡು ಸಾಲು, ಅಲ್ಲಿಗೆ ನಿಲ್ಲುತ್ತದೆ. ಕಾರಿನಲ್ಲಿ ಹೋಗುವಾಗ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿ ನೋಡಿದ್ದೇನೆ, ಗಾಜಿನೊಳಗೆ ಎಷ್ಟು ನಿಶ್ಶಬ್ದ, ಏನೂ ಬರಲಿಲ್ಲ. ಒಂದು ದಿನ ನಾಚಿಕೆ ಬಿಟ್ಟು ಬೈಕ್ ಟ್ಯಾಕ್ಸಿ ಮಾಡಿಕೊಂಡೆ, ಆರ್.ಟಿ. ನಗರದಿಂದ ಯಲಹಂಕಕ್ಕೆ, ಗಿಟಾರ್ ಬೆನ್ನಿಗೆ ಹಾಕಿಕೊಂಡು, ಅದೇ ದಾರಿ, ಆ ಹುಡುಗ ಪೂರ್ತಿ ಹೆಲ್ಮೆಟ್ ಹಾಕಿದ್ದ, ಕಿವಿಯೇ ಕಾಣಲಿಲ್ಲ, ಸಿಗ್ನಲ್ಲಿನಲ್ಲಿ ನಾನು ಏನೋ ಗುನುಗಿದ್ದಕ್ಕೆ, ಸಾರ್ ಲೊಕೇಶನ್ ತಪ್ಪಾಯ್ತಾ, ಎಂದು ಕೇಳಿದ. ಇಲ್ಲಪ್ಪ, ಸರಿಯಾಗಿದೆ, ನಡಿ. ಹಾಗಾದರೆ ಇವತ್ತು ಏನು ಮಾಡಬೇಕೆಂದುಕೊಂಡಿದ್ದೆ, ಅವನು ಬಂದಿದ್ದರೆ ಈ ಹಾಡಾದ ಮೇಲೆ ಮೈಕಿನಲ್ಲಿ ಹೆಸರು ಕರೆಯುವುದು, ಮೇಲೆ ಬಾ ಎನ್ನುವುದು, ಎರಡನೆಯ ಗಿಟಾರ್ ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೇನೆ, ಇದ್ಯಾರಿಗೆ ಎಂದು ನಿರಂಜನ್ ಕೇಳಿದಾಗ ತಂತಿ ಹರಿದರೆ ಇರಲಿ ಎಂದೆ. ಕರೆದರೆ ಬರುತ್ತಾನೆಯೇ, ಬೆರಳುಗಳಲ್ಲಿ ಈಗ ಸೂಜಿದಾರ, ಕರೆಯುವುದೇನು ಸುಲಭ, ಕರೆದು ಒಂದು ಹಾಡು ಬಾರಿಸಿ ಚಪ್ಪಾಳೆ ಹೊಡೆಸಿ ಕಳಿಸುವುದು, ಅಷ್ಟಕ್ಕಲ್ಲ ನಾನು ಅಂಗಡಿಗೆ ಹೋದದ್ದು.

ಅವತ್ತು, ಅವನು ಬಿಟ್ಟು ಹೋದ ದಿನ, ಸಿಗ್ನಲ್ ಇರಲಿಲ್ಲ. ನಮ್ಮ ಮನೆಯ ಮುಂದೆಯೇ, ಮಧ್ಯಾಹ್ನ, ಆಸ್ಪತ್ರೆಯಿಂದ ನೇರ ಬಂದಿದ್ದೆವು, ಲಕ್ವ ಹೊಡೆದು ವಹಾಬ್ ಸಾಹೇಬರ ಬಲಗೈ ಬಿದ್ದು ವಾರವಾಗಿತ್ತು, ಸ್ಕೂಟರ್ ನಿಲ್ಲಿಸಿದ, ಬೀಗದ ಕೈ ತಿರುಗಿಸಿದ, ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಅಬ್ಬಾಗೆ ಇನ್ನು ಅಂಗಡಿ ಆಗಲ್ಲ ಮಗಾ, ಎಂದ ಮುಂದಕ್ಕೆ ನೋಡುತ್ತಲೇ. ಚಿಕ್ಕಪ್ಪ ನಾನ್ ನೋಡ್ಕೋತೀನಿ ಅಂತಿದ್ದಾರೆ, ಅಮ್ಮಿ ನೀನೇ ನೋಡ್ಕೋ ಅಂತಾಳೆ, ನಾನಿನ್ನೂ ಏನೂ ಹೇಳಿಲ್ಲ. ಅಂಗಡಿ ಹಿಡಿದ್ರೆ ಇದು ಆಗಲ್ಲ, ಗೊತ್ತಲ್ಲ ನಿಂಗೆ. ತಲೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಎಡಕ್ಕೆ ವಾಲಿತು. ಕಿವಿ. ಮೇಲಂಚಿನ ಕಚ್ಚು. ಬಿಸಿಲು ಎದುರಿನಿಂದ ಬಿದ್ದು ಕಿವಿಯ ಚರ್ಮ ಕೆಂಪಗೆ ಪಾರದರ್ಶಕವಾಗಿತ್ತು, ಒಳಗಿನ ನರ ಕಾಣುತ್ತಿತ್ತು. ಹೇಳು ಎನ್ನಲಿಲ್ಲ ಅವನು, ಆ ಒಂದು ಸಲ ಮಾತ್ರ ಹೇಳು ಎನ್ನಲಿಲ್ಲ. ನನ್ನ ಬೆನ್ನ ಹಿಂದೆ ಅಪ್ಪನ ಕಟ್ಟಡಗಳಿದ್ದವು, ಒಣಗಲು ಹಾಕಿದ ಬಾಡಿಗೆದಾರರ ಬಟ್ಟೆಗಳಿದ್ದವು, ನನಗೆ ಅಂಗಡಿ ಇರಲಿಲ್ಲ, ಬೀಳುವ ಕೈ ಇರಲಿಲ್ಲ, ಬಾಡಿಗೆ ತಿನ್ನುವವನು ದುಡಿದು ತಿನ್ನುವವನಿಗೆ ಏನು ಹೇಳಬಹುದು ಎಂದುಕೊಂಡೆ, ಹಾಗೆಂದುಕೊಳ್ಳುವುದು ದೊಡ್ಡತನ ಎಂದೂ ಅಂದುಕೊಂಡೆ. ಜಗಲಿಯಿಂದ ಅಜ್ಜಿ, ಯಾಕ್ರಲಾ ಅಂಗೇ ಕುಂತಿದೀರಾ ಬಿಸ್ಲಲ್ಲಿ, ಗಾಡಿ ಕೆಟ್ಟೋಯ್ತಾ. ಇಲ್ಲ ಅಜ್ಜಿ, ಗಾಡಿ ಚೆನ್ನಾಗೈತೆ, ಜೀಷಾನ್ ಹೇಳಿದ, ತಲೆ ವಾಲಿಸಿಕೊಂಡೇ. ಇಳ್ದು ಕಾಪಿ ಕುಡ್ದು ಓಗ್ಲಾ ಜೀಸಾನು. ಇನ್ನೊಂದಿನ ಅಜ್ಜಿ. ಸರಿ ಬಿಡು, ಅಂಗಡಿ ನೋಡ್ಕೋ, ಎಂದೆ ನಾನು, ನನ್ನ ಗಂಟಲಿಂದ ಬಂದದ್ದು ಅದು, ಇಳಿದೆ, ಗಿಟಾರಿನ ಚೀಲದಿಂದ ಹತ್ತಿಯ ಎಳೆಗಳನ್ನು ಕಿತ್ತು ಹಾಕುತ್ತಾ ನಿಂತೆ. ಅವನು ಕೂಡಲೇ ಹೊರಡಲಿಲ್ಲ. ಇಂಜಿನ್ ಆಫ್ ಇತ್ತು. ಮುಂದಿನ ಸಾಲು ಇದೆ ಎಂದು ಅವನಿಗೆ ಗೊತ್ತಿತ್ತು, ನನ್ನಲ್ಲಿ ಯಾವಾಗಲೂ ಇನ್ನೊಂದು ಸಾಲು ಇರುತ್ತದೆಂದು ಅವನಿಗೆ ಮಾತ್ರ ಗೊತ್ತಿದ್ದದ್ದು. ಆಮೇಲೆ ಬೀಗದ ಕೈ ತಿರುಗಿತು.

ಯಾರೋ ಕೆಮ್ಮಿದರು. ಮುಂದಿನ ಕುರ್ಚಿಯಲ್ಲಿ ಫೋನಿನ ಬೆಳಕು, ಒಬ್ಬಳು ಅದನ್ನು ಕೆಳಗಿಳಿಸಿ ಪಕ್ಕದವಳ ಮುಖ ನೋಡುತ್ತಿದ್ದಾಳೆ, ಭೂಷಣ, ಏನಾಯ್ತೋ, ಎಂದು ನಿರಂಜನ್, ದಾಟಿ ಹೋದ ಕಣೋ, ದಾಟಿ ಹೋದ, ಸಾಲು ಎತ್ತಿಕೊಡುತ್ತಿದ್ದಾನೆ, ಮರೆತಿದ್ದೇನೆ ಅಂದುಕೊಂಡಿದ್ದಾನೆ, ಅಜ್ಜಿಯ ಹಾಗೆ. ಮರೆತಿಲ್ಲ. ಹಿಂದಿನಿಂದ ಒಂದು ಹೆಣ್ಣು ದನಿ ಮೆಲ್ಲಗೆ ಶುರು ಮಾಡುತ್ತದೆ, ದಾಟಿ ಹೋದ ಜನರ ನೆರಳು, ಅಯ್ಯೋ ಪಾಪ ಎಂಬಂಥ ದನಿ, ಅದಕ್ಕೆ ಇನ್ನೊಂದು ಸೇರುತ್ತದೆ, ಇನ್ನೂ ಹತ್ತು, ಇಡೀ ಸಭಾಂಗಣ ಹಾಡುತ್ತಿದೆ, ತೊಯ್ದು ಅಲ್ಲೆ ಉಳಿಯಿತು, ನನಗೆ ನೆನಪು ಮಾಡಿಕೊಡಲು ನನ್ನ ಸಾಲನ್ನೇ ನನಗೆ ಹಾಡುತ್ತಿದೆ, ಎಲ್ಲರ ತಲೆಗಳೂ ತೂಗುತ್ತಿರಬೇಕು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಆ ಕಿವಿ ಅಲುಗುತ್ತಿಲ್ಲ, ಒಬ್ಬ ಹಾಡುತ್ತಿಲ್ಲ. ಅವನು ಹಾಡುವುದಿಲ್ಲ, ನಾನಿನ್ನೂ ಫ್ಲೈಓವರ್ ಮೇಲಿದ್ದೇನೆ, ಇಲ್ಲಿ ಯಾರೂ ಹಾಡಬಾರದು. ಅವನ ತಲೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಎಡಕ್ಕೆ ವಾಲುತ್ತದೆ. ಅವನೇ. ಹೆಬ್ಬೆರಳು ತಂತಿಯ ಮೇಲೆ ನಿಂತಿದೆ, ಗುಂ ಎನ್ನುವುದೂ ನಿಂತಿದೆ, ಜನ ಹಾಡಿ ಮುಗಿಸಿ ಕಾಯುತ್ತಿದ್ದಾರೆ, ಮೈಕ್ ನನ್ನ ಬಾಯಿಯ ಹತ್ತಿರ ಇದೆ, ಕೆಂಪು ದೀಪ, ಕಿವಿ, ಕೆಂಪು ಬಿದ್ದ ಎಡಗಿವಿ, ಕಿವಿ. ಅಂಗಡಿ ಬೇಡ, ನನ್ನ ಜೊತೆ ಇರು ಎಂದು ಅವತ್ತು ನಾನು ಅವನಿಗೆ ಹೇಳಲಿಲ್ಲ.