ನಾಮದೇವನ ಫೋನು ಅಳಿಸಿಹೋಗದ ಕಥೆ

1

ಈ ಕಥೆ ಎಲ್ಲಿಂದ ಶುರುವಾಗಬೇಕು ಎಂಬ ವಿಷಯದಲ್ಲಿ ನನಗೂ ಹುಸ್ನಾಳಿಗೂ ಇನ್ನೂ ತಕರಾರು ಮುಗಿದಿಲ್ಲ. ಅವಳು ತಪ್ಪು ಬಟನ್ ಒತ್ತಿದ ಗಳಿಗೆಯಿಂದ ಶುರುಮಾಡೋಣ ಎಂದು ನಾನು. "ನಾ ತಪ್ಪು ಮಾಡಿದ್ದೇ ಮೊದಲ ಸಾಲಿನ್ಯಾಗ ಬರಬೇಕೇನ್ರಿ? ಮೂರು ವರ್ಷ ಸರಿ ಮಾಡಿದ್ದು ನಿಮಗ ಕಾಣಂಗಿಲ್ಲೇನು?" ಎಂದು ಅವಳು. ಮಾತಿನಲ್ಲಿ ನ್ಯಾಯವಿದೆ. ಹಾಗಾಗಿ ಓದುಗರೇ, ಕೊನೆಯ ಸುದ್ದಿಯನ್ನೇ ಮೊದಲು ಹೇಳಿಬಿಡುತ್ತೇನೆ: ಒಂದೂ ಫೋಟೊ ಕಳೆದುಹೋಗಲಿಲ್ಲ. ನಿಶ್ಚಿಂತೆಯಿಂದ ಓದಿ. (ಕುತೂಹಲ ಹಾಳಾಯಿತೆಂದು ಬೈಯಬೇಡಿ. ಬರೆಯುವಾಗ ನನಗೇ ತಡೆದುಕೊಳ್ಳಲಾಗಲಿಲ್ಲ.)

2

ಹುಸ್ನಾ ವಾಡಿಯಲ್ಲಿ ಒಂದು ಹಾಸುಗಲ್ಲಿನ ಕಂಪನಿಯ ಕಂಪ್ಯೂಟರ್ ವಿಭಾಗದವಳು. ವಿಭಾಗವೆಂದರೆ ಅವಳೊಬ್ಬಳೇ. ನೌಕರರ ಫೋನಿಗೆ ಆಫೀಸಿನ ಮೇಲ್ ಹಾಕಿಕೊಡುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಕೆಲಸ ಬಿಟ್ಟವರ ಫೋನಿನಿಂದ ಆ ಮೇಲನ್ನು ತನ್ನ ಮೇಜಿನಿಂದಲೇ ಅಳಿಸುವುದು ಅವಳ ಕೆಲಸ.

ಶಹಾಬಾದಿನ ಗಣಿಯ ಸೂಪರ್‌ವೈಸರ್ ನಾಮದೇವ ಮಾತ್ರ ಮೇಲ್ ಹಾಕಿಸಿಕೊಳ್ಳದೆ ಆರು ತಿಂಗಳು ತಪ್ಪಿಸಿಕೊಂಡ. ಕಾರಣವಿತ್ತು. ಭಂಕೂರದಿಂದ ಆಚೆ ಅವನ ಊರು (ಹೆಸರು ಬೇಡ, ಊರವರು ನನ್ನ ಮನೆಗೇ ಬಂದಾರು). ಅಲ್ಲಿ ಹನ್ನೊಂದು ವರ್ಷದ ಹಿಂದೆ ಸಿಮೆಂಟ್ ರಸ್ತೆ ಹಾಕುವ ಮುಂಚೆ, ನೆಲದಲ್ಲಿ ಹೂತ ನೀರಿನ ಪೈಪಿನ ಒಂದೊಂದು ಜೋಡಣೆಯ ಫೋಟೊವನ್ನೂ ಅವನು ತೆಗೆದಿಟ್ಟಿದ್ದ. ಗುರುತಿಗೆ ಪಕ್ಕದಲ್ಲಿ ಯಾರದೋ ಮನೆಯ ಕಟ್ಟೆ, ಒಂದು ಬೇವಿನ ಮರ. ಒಟ್ಟು ನಾನೂರ ಹನ್ನೆರಡು. ಬೇರೆ ನಕ್ಷೆ ಎಲ್ಲೂ ಇಲ್ಲ. ಪೈಪ್ ಒಡೆದಾಗಲೆಲ್ಲ ಎಲ್ಲಿ ಅಗೆಯಬೇಕೆಂದು ನಾಮದೇವನ ಫೋನೇ ಹೇಳಬೇಕು.

"ಮೇಲ್ ಹಾಕಿದ್ರ ಇವೇನೂ ಹೋಗಂಗಿಲ್ಲ ಅಲ್ಲ, ಬೇಟಿ?"

"ಇಲ್ರಿ ಕಾಕಾ. ನೀವು ರಿಟೈರ್ ಆದ ಮ್ಯಾಲ ಆಫೀಸ್ ಮೇಲ್ ಅಷ್ಟೇ ಅಳಸ್ತೀನಿ. ನಿಮ್ದು ಒಂದೂ ಮುಟ್ಟಂಗಿಲ್ಲ. ಇದು ನನ್ನ ಮಾತು."

ಅದನ್ನು ನಂಬಿ ಅವನು ಮೇಲ್ ಹಾಕಿಸಿಕೊಂಡ. ಈ ಕಥೆಯಲ್ಲಿ ಪಣಕ್ಕಿರುವುದು ಊರಿನ ನೀರು ಮತ್ತು ಆ ಮಾತು.

2 (ಮತ್ತೊಮ್ಮೆ)

ಮೊದಲ ಕರಡಿನಲ್ಲಿ ಫೋನಿನೊಳಗೆ ತೀರಿಹೋದ ತಾಯಿಯ ದನಿ ಇತ್ತು. "ಎಲ್ಲಾರ ಕಥಿಯಾಗೂ ಅದೇ ದನಿ ಇರ್ತದ್ರಿ. ನಮ್ಮವ್ವ ಇನ್ನಾ ಗಟ್ಟಿ ಇದ್ದಾಳ" ಎಂದು ನಾಮದೇವ ರೇಗಿದ. ಆ ಹಾಳೆ ಹರಿದೆ.

3

ನಾಮದೇವ ನಿವೃತ್ತನಾದ ಮರುದಿನ ಬೆಳಿಗ್ಗೆ. ಮ್ಯಾನೇಜರ್ ಅಮರನಾಥ ಆ ವಾರ ಮೂರನೇ ಸಲ ಪಾಸ್‌ವರ್ಡ್ ಮರೆತು ಫೋನಿನಲ್ಲಿ ಕೂಗಾಡುತ್ತಿದ್ದ. ಹುಸ್ನಾ ಒಂದು ಕಿವಿ ಅವನಿಗೆ ಕೊಟ್ಟುಕೊಂಡೇ, 'ಆಫೀಸ್ ಮೇಲ್ ಅಳಿಸಿ' ಎಂಬ ಬಟನ್ ಬದಲು ಅದರ ಕೆಳಗಿನ 'ಇಡೀ ಫೋನ್ ಅಳಿಸಿ' ಒತ್ತಿದಳು. ಖಚಿತವೇ ಎಂದು ಪರದೆ ಕೇಳಿದ್ದಕ್ಕೂ ಲಕ್ಷ್ಯವಿಲ್ಲದೆ ಹೌದೆಂದಳು.

ಆಮೇಲೆ ಓದಿದಳು. ರದ್ದು ಮಾಡಲು ದಾರಿ ಇರಲಿಲ್ಲ. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ಫೋನ್ ನೆಟ್‌ವರ್ಕಿನಲ್ಲಿಲ್ಲ, ಬಂದ ಕೂಡಲೇ ಅಳಿಸಲಾಗುವುದು.

ನಾಮದೇವನ ಮಗ ಕಪಿಲನಿಗೆ ಫೋನ್ ಹಚ್ಚಿದಳು. "ಅಪ್ಪ, ಅವ್ವ ಚಿಂಚೋಳಿ ಆಚಿ ಗುಡ್ಡದಾಗ ದೊಡ್ಡವ್ವನ ಮನಿಗಿ ಹೋಗ್ಯಾರ್ರಿ. ಅಲ್ಲಿ ಟವರ್ ಸಿಗಂಗಿಲ್ಲ. ನಾಕರ ಬಸ್ಸಿಗಿ ಬರ್ತಾರ."

ಅಂದರೆ ಬಸ್ಸು ಗುಡ್ಡ ಇಳಿದು ಟವರ್ ಸಿಕ್ಕ ಗಳಿಗೆಗೆ ನಾನೂರ ಹನ್ನೆರಡೂ ಖಲಾಸ್.

4

ಅದಕ್ಕೂ ಮುಂಚೆ ಗುಡ್ಡ ಮುಟ್ಟಲೆಂದು ಹುಸ್ನಾಳನ್ನು ಬಸ್ಸಿನಲ್ಲಿ ಕೂರಿಸಿದೆ. ಚಿತ್ತಾಪುರದಲ್ಲಿ ಟೈರ್ ಪಂಕ್ಚರ್ ಮಾಡಿಸಿದೆ, ಸೇಡಂ ಸ್ಟ್ಯಾಂಡಿನಲ್ಲಿ ಡ್ರೈವರನನ್ನು ಚಹಾಕ್ಕೆ ಕಳಿಸಿದೆ.

"ನಿಮ್ಮ ಕಥಿಗಿ ಮಜಾ ಬರ್ಲಿ ಅಂತ ನನ್ನ ಜೀವಾ ತಿನ್ನಾಕತ್ತೀರೇನ್ರಿ? ನನ್ನ ಹತ್ರ ಸ್ಕೂಟಿ ಅದ."

ಸ್ಕೂಟಿ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಸ್ಸಿನ ಎರಡು ಪುಟ ಕಸದ ಬುಟ್ಟಿಗೆ ಹೋದವು. ಲ್ಯಾಪ್‌ಟಾಪ್, ಕೇಬಲ್ ಚೀಲಕ್ಕೆ ತುಂಬಿಕೊಂಡು, ದುಪಟ್ಟಾ ಬಿಗಿದುಕೊಂಡು ಅವಳು ಸೇಡಂ ದಾಟಿ ಚಿಂಚೋಳಿ ಕಡೆ ಹೊರಳಿದಾಗ ಹನ್ನೆರಡೂವರೆ. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಯಾ ಅಲ್ಲಾ, ಇವತ್ತೊಂದಿನ ಟವರ್ ಕೊಡಬ್ಯಾಡ.

6

(ಐದು ಇಲ್ಲ. ಐದರಲ್ಲಿ ನಾಮದೇವ ಟವರ್ ಹುಡುಕುತ್ತ ಬಂಡೆ ಹತ್ತಬೇಕಿತ್ತು, ಕೆಳಗಿನಿಂದ ಹುಸ್ನಾ ಚೀರಬೇಕಿತ್ತು. ಅವನು ಹತ್ತಲೊಲ್ಲೆ ಎಂದ.)

"ನಾ ಯಾಕ ಹತ್ಲಿ? ಯಾರ ಫೋನೂ ಬರಬಾರದಂತನೇ ಇಲ್ಲಿಗಿ ಬಂದೀನಿ. ಸೇಡಂದಾಗೇ ಬಂದ್ ಮಾಡಿ ಚೀಲದಾಗ ಹಾಕೀನಿ."

ಹೌದು, ಫೋನ್ ಬಂದ್ ಆಗಿತ್ತು. ನಾಲ್ಕರ ಬಸ್ಸು ಹಿಡಿಯುವ ಯೋಚನೆಯೂ ಅವನಿಗಿರಲಿಲ್ಲ. ಅದನ್ನು ಕೇಳಿ, ಆಗಷ್ಟೇ ಆ ಮನೆ ಮುಟ್ಟಿದ್ದ ಹುಸ್ನಾ ಚೀಲ ಇಳಿಸಿ ಅಂಗಳದಲ್ಲೇ ಕುಳಿತುಬಿಟ್ಟಳು. ನಾಮದೇವನ ಹೆಂಡತಿ ರಮಾಬಾಯಿ ಚರಿಗೆಯಲ್ಲಿ ನೀರು ತಂದುಕೊಟ್ಟಳು. ಕುಡಿದು, ಏನೂ ಮುಚ್ಚಿಡದೆ ನಡೆದದ್ದೆಲ್ಲ ಹೇಳಿದಳು.

"ತಪ್ಪು ನಂದೇ ಕಾಕಾ. ಮಾತು ಕೊಟ್ಟು ತಪ್ಪಿದೆ."

ಮೊದಲು ಬಾಯಿ ಬಿಟ್ಟವಳು ರಮಾಬಾಯಿ. "ಹೋದ್ರ ಹೋಗ್ಲಿ ಬಿಡವ್ವ! ಹನ್ನೊಂದು ವರ್ಷ ಆತು. ಉಣ್ಣಾಕ ಕುಂತ್ರ ಒಬ್ಬ ಬರ್ತಾನ, ಮಕ್ಕೊಂಡ್ರ ಒಬ್ಬ. 'ಕಾಕಾ, ಪೈಪ್ ಒಡದದ, ಫೋನ್ ತೋರ್ಸ್ರಿ' ಅಂತ! ಮಗನ ಲಗ್ನದಾಗ ಮದುಮಕ್ಕಳ ಮ್ಯಾಲ ಹೂವು ಹಾಕೋ ಹೊತ್ತಿನ್ಯಾಗೂ ಎದ್ದು ಹೋಗ್ಯಾರ ಇವರು."

"ಹೋಗಬಾರದು," ಎಂದ ನಾಮದೇವ. "ಊರಿಗಿ ನೀರು ಬೇಕಲ್ಲ."

ಸಿಮ್ ತೆಗೆದಿಟ್ಟು, ಟವರಿಲ್ಲದ ಆ ಮನೆಯಲ್ಲೇ ಫೋನ್ ಚಾಲೂ ಮಾಡಿ, ಹುಸ್ನಾ ಕೇಬಲ್ ಸಿಕ್ಕಿಸಿದಳು. ಫೋಟೊಗಳು ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿದವು. ಎರಡು ಸಲ ಎಣಿಸಿದಳು. ನಾನೂರ ಹನ್ನೆರಡೂ ಇದ್ದವು. ಅವಳಿಗೆ ನಗುವೂ ಅಳುವೂ ಕೂಡಿಯೇ ಬಂದವು.

"ಯಾರ ಕೈಯಾಗೂ ಫೋನ್ ಕೊಡಾಕ ನನಗ ಧೈರ್ಯ ಆಗ್ಲಿಲ್ಲ ಬೇಟಿ, ಕಳೀತಾವ ಅಂತ," ಎಂದ ನಾಮದೇವ. "ಈಗ ಒಂದು ಕಾಪಿ ಕಪಿಲನಿಗಿ ಕೊಡು. ಒಂದು ನೀರು ಬಿಡೋ ವಾಟರ್‌ಮನ್‌ಗ. ಇನ್ನೊಂದು ಪಂಚಾಯತಿಗಿ. ನಾ ಒಬ್ಬನೇ ಅಲ್ಲ ಅಂದಂಗಾತು." ಇಷ್ಟು ವರ್ಷ ಹೊತ್ತದ್ದು ಎಷ್ಟು ಭಾರವಿತ್ತೆಂದು ಅವನಿಗೇ ಆಗ ಗೊತ್ತಾಯಿತು.

7

ಈಗ ಅಂತ್ಯ. ನನ್ನ ಬಳಿ ಮೂರಿವೆ. ಒಂದರಲ್ಲಿ ನಾಮದೇವ ಸಿಮ್ ಹಾಕುತ್ತಾನೆ, ಫೋನ್ ಅಳಿಸಿಹೋಗಿ ಅಂಗಡಿಯಿಂದ ಈಗಷ್ಟೇ ತಂದಂತಾಗುತ್ತದೆ. ಇನ್ನೊಂದರಲ್ಲಿ ಸಿಮ್ ಹಾಕುವುದೇ ಇಲ್ಲ. ಮೂರನೆಯದರಲ್ಲಿ ಹುಸ್ನಾ ತನ್ನ ತಪ್ಪನ್ನು ಅಮರನಾಥನಿಗೆ ಬರೆದು ಕಳಿಸುತ್ತಾಳೆ, ಪಾಸ್‌ವರ್ಡ್ ಮತ್ತೆ ಮರೆತ ಅವನಿಗೆ ಮೇಲ್ ತೆರೆಯಲಾಗುವುದಿಲ್ಲ.

"ಬಿಸಿ ರೊಟ್ಟಿ ಹಾಕ್ಯಾರ್ರಿ. ಉಣ್ಣಾಕ ಬಿಡ್ರಿ ಮೊದ್ಲ," ಎಂದಳು ಹುಸ್ನಾ.

ಸರಿ, ನಾಮದೇವನನ್ನೇ ಕೇಳೋಣವೆಂದು ಹೋದೆ. ಅವನು ಹೊರಸಿನ ಮೇಲೆ ಮೈಚಾಚಿ, ಹಾಡುಹಗಲಲ್ಲಿ, ಗೊರಕೆ ಹೊಡೆಯುತ್ತಿದ್ದಾನೆ. ನಾನಂತೂ ಎಬ್ಬಿಸುವುದಿಲ್ಲ. ನಿಮಗೆ ಅಂತ್ಯ ಬೇಕೇಬೇಕು ಎಂದಾದರೆ ನೀವೇ ಹೋಗಿ ಎಬ್ಬಿಸಿ. ಬಾಗಿಲಿಗೆ ಅಡ್ಡ ರಮಾಬಾಯಿ ಕುಳಿತಿದ್ದಾಳೆ.