ಮರದ ಪಾಚಿ, ಮನೆಯ ನೀರು

ಒರತೆಯ ಕೊಳವೆಯಿಂದ ಹೆಬ್ಬೆರಳು ಗಾತ್ರ ಬೀಳುತ್ತಿದ್ದ ನೀರು ದಾರದಷ್ಟಾಗಿತ್ತು. ಕಾಡಿನ ಪಾಚಿಯನ್ನು ಕಟ್ಟು ಕಟ್ಟಿ ಮಾರುವವಳು ಕೊಡ ಇಟ್ಟು ಕಾದಳು. ಬೆಟ್ಟದ ಮೋಡ ಮೈಮೇಲೇ ಹರಿದಾಡುತ್ತಿತ್ತು, ಕೂದಲೆಲ್ಲ ಒದ್ದೆ. ಕೊಡ ಮಾತ್ರ ತುಂಬಲೊಲ್ಲದು. ಕಿವಿ ಕಿತ್ತುಹೋಗುವಂತೆ ವಟಗುಟ್ಟುತ್ತಿದ್ದ ಕಪ್ಪೆಗಳ ಸದ್ದೂ ಇಲ್ಲ. ಮನೆಯಲ್ಲಿ ಬಾಣಂತಿ ಮಗಳು, ಹನ್ನೆರಡು ದಿನದ ಮೊಮ್ಮಗ. ಮೇಲಿನ ಕೇರಿಯವರು ಹೋದ ವರ್ಷ ಹೀಗೇ ನೀರು ಬತ್ತಿ, ಬಾಗಿಲಿಗೆ ಬೀಗ ಜಡಿದು ಊರು ಬಿಟ್ಟಿದ್ದರು.

ಮನೆಗೆ ಬಂದರೆ ಗಂಡ ಮೂಟೆ ಇಳಿಸುತ್ತಿದ್ದ. ಊರವರ ಬಾಯಲ್ಲಿ ಅವನು ಮರಕೋತಿ. ಮರಗಳ ಮೈಯಿಂದ ಪಾಚಿ ಸುಲಿದು ತರುವುದು ಅವನ ಕಸುಬು, ಕಟ್ಟು ಕಟ್ಟುವುದು ಅವಳದು. ಹೂಗಿಡ ಮಾರುವವರು ಬೇರಿಗೆ ಸುತ್ತಲು ಕೊಳ್ಳುತ್ತಾರೆ.

“ಎಲ್ಲಿಂದ ತಂದ್ರಿ?”

“ಒರತೆ ಮೇಲಿಂದ. ಅಲ್ಲಿದೇ ದಪ್ಪ. ಹತ್ತಿರಾನೂ ಆಯ್ತು.”

ಬಾಣಂತಿಯನ್ನು ನೋಡಲು ಬಂದಿದ್ದ ಅವನ ತಂಗಿ ಕಾಡು ಕಾಯುವ ಕೆಲಸದವಳು. ಅವಳಿಗೆ ತಡೆಯಲಾಗಲಿಲ್ಲ. “ಅಣ್ಣಾ, ನೀನು ಕುಡಿಯೋ ನೀರನ್ನ ನೀನೇ ಸುಲೀತಿದೀಯಲ್ಲೋ!”

“ಸುಮ್ನಿರೇ. ನೀರು ಬರೋದು ಮಳೆಯಿಂದ, ಪಾಚಿಯಿಂದಲ್ಲ.”

“ಮಳೆ ನಿಂತು ಮೂರು ತಿಂಗಳಾಯ್ತು. ಮತ್ತೆ ಪ್ರತಿ ಬೇಸಿಗೇಲೂ ಒರತೆ ಹರೀತಿದ್ದದ್ದು ಹೇಗೆ? ಮೋಡ ಬಂದು ಮರಕ್ಕೆ ತಾಗುತ್ತೆ. ಪಾಚಿ ಅದನ್ನ ಹೀರಿ, ತೊಟ್ಟು ತೊಟ್ಟಾಗಿ ನೆಲಕ್ಕೆ ಬಿಡುತ್ತೆ. ಅಲ್ಲಿನ ಕಪ್ಪೆ ಮೊಟ್ಟೆ ಇಡೋದೂ ಅದರೊಳಗೇ.”

“ಶುರುವಾಯ್ತು ನಿನ್ನ ಪುರಾಣ,” ಎಂದು ಅವನು ನಕ್ಕ. ಹೆಂಡತಿಗೆ ನಗು ಬರಲಿಲ್ಲ.

“ಮಾತು ಸಾಕು. ನಾಳೆ ಎರಡು ಬೋಗುಣಿ ಇಟ್ಟು ನೋಡೇಬಿಡೋಣ,” ಎಂದಳು.

ಬೆಳಿಗ್ಗೆ ಮೂವರೂ ಬೆಟ್ಟ ಹತ್ತಿದರು. ಸುಲಿದ ಮರದ ಕೆಳಗೊಂದು, ಇನ್ನೂ ಸುಲಿಯದ ಮರದ ಕೆಳಗೊಂದು ಬೋಗುಣಿ ಇಟ್ಟರು. ಮೋಡ ಎಷ್ಟು ದಟ್ಟವಾಗಿ ಕವಿಯಿತೆಂದರೆ ಪಕ್ಕದವರ ಮುಖವೂ ಕಾಣಲಿಲ್ಲ. ಹೆಂಡತಿ ಸೆರಗು ಬಿಗಿಹಿಡಿದು ಕೂತಳು. ಒಂದೇ ಕಡೆಯಿಂದ ಟಪ್ ಟಪ್ ಕೇಳುತ್ತಿತ್ತು. ಅವಳಿಗೆ ನಿಜಕ್ಕೂ ಭಯವಾಯಿತು.

ಮಧ್ಯಾಹ್ನ ಮೋಡ ಸರಿದಾಗ ಪಾಚಿಯ ಮರದ ಕೆಳಗಿನ ಬೋಗುಣಿಯಲ್ಲಿ ಮೂರು ಬೆರಳು ನೀರು ನಿಂತಿತ್ತು. ಬೋಳು ಮರದ ಬೋಗುಣಿಯಲ್ಲಿ ತಳ ನೆನೆದಿತ್ತಷ್ಟೇ. ಮರಕೋತಿ ಅದನ್ನು ಬೋರಲು ಹಾಕಿ ನೋಡಿದ, ತೂತೇನಾದರೂ ಇದೆಯೇ ಎಂದು. ಇರಲಿಲ್ಲ.

“ಮತ್ತೆ ಬೆಳೆಯುತ್ತಲ್ವಾ?” ಅವನ ದನಿ ಸಣ್ಣಗಾಗಿತ್ತು.

“ಬೆಳೆಯುತ್ತೆ. ಇಷ್ಟು ದಪ್ಪ ಆಗೋ ಹೊತ್ತಿಗೆ ನಿನ್ನ ಮೊಮ್ಮಗನಿಗೆ ಮೀಸೆ ಬಂದಿರುತ್ತೆ.”

“ಸುಲಿಯದ ಮರ ಎಷ್ಟು ಉಳಿದಿವೆ?” ಹೆಂಡತಿ ಕೇಳಿದಳು.

ಅವನು ಮೇಲೆ ನೋಡಿದ. “ಹನ್ನೊಂದು.”

ಅಂದೇ ಅವನು ತನ್ನ ಹಾಗೆ ಪಾಚಿ ಸುಲಿಯುವವರ ಮನೆಮನೆಗೂ ಹೋದ. ಒರತೆ ಮೇಲಿನ ಪಾಚಿ ಮುಟ್ಟಬೇಡಿ ಎಂದು ಬೈಸಿಕೊಂಡೂ ಹೇಳಿದ. ಈಗ ಗಂಡಹೆಂಡತಿ ಬೇರಿಗೆ ಸುತ್ತಲು ಒಣಹುಲ್ಲು ಹೆಣೆದು ಮಾರುತ್ತಾರೆ. ಆ ಹನ್ನೊಂದು ಮರಗಳು ಇಳಿಸುವ ನೀರಿನ ಮೇಲೇ ಅವರ ಮನೆ ನಿಂತಿದೆ.

ಬೆಟ್ಟ ಹತ್ತುವವರೇ, ಮರದ ಮೇಲಿನ ಪಾಚಿಗೆ ಕೈ ಹಾಕಬೇಡಿ. ಗಿಡ ಕೊಳ್ಳುವವರೇ, ಬೇರಿಗೆ ಪಾಚಿ ಸುತ್ತಿದ್ದರೆ ಬೇಡ ಅನ್ನಿ, ಹುಲ್ಲು ಕೇಳಿ. ನೀರು ನಿಂತ ಮೇಲೆ ಬೆಟ್ಟ ಹತ್ತಿ ಪ್ರಯೋಜನವಿಲ್ಲ. ಹರಿಯುತ್ತಿರುವಾಗಲೇ ನಿಮ್ಮ ಒರತೆಯ ಮೇಲಿನ ಮರಗಳನ್ನು ಒಮ್ಮೆ ನೋಡಿಕೊಂಡು ಬನ್ನಿ.